ಮಂಡಿ ಬದಲಾವಣೆಯ ನಂತರ ಮನೆಯಲ್ಲಿ ಆರೈಕೆ: ಕಾಲು ಮಡಚುತ್ತದೆ, ಆದರೆ ಪೂರ್ತಿ ನೇರವಾಗುತ್ತಿಲ್ಲ

ತಾಯಿಯ ಆರೈಕೆಯಲ್ಲಿರುವ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಾಯಿಗೆ 67 ವರ್ಷ. ಬಲ ಮಂಡಿಯ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಹನ್ನೆರಡು ದಿನಗಳಾದವು. ನಾಲ್ಕನೆಯ ದಿನ ಮನೆಗೆ ಕರೆತಂದೆವು. ಆಸ್ಪತ್ರೆಯಲ್ಲಿ ವಾಕರ್ ಹಿಡಿದು ಮೊಗಸಾಲೆಯ ಕೊನೆಯವರೆಗೂ ನಡೆದಿದ್ದ ಅಮ್ಮ ಮನೆಗೆ ಬಂದ ಮೇಲೆ ಹಾಸಿಗೆಯನ್ನೇ ಹೆಚ್ಚು ಹಿಡಿದಿದ್ದಾರೆ. ಮಂಡಿಯ ಕೆಳಗೆ ಎರಡು ದಿಂಬು ಇಟ್ಟುಕೊಂಡು ಮಲಗಿದರೆ ಮಾತ್ರ ಅವರಿಗೆ ಹಾಯೆನಿಸುತ್ತದೆ. ದಿಂಬು ತೆಗೆದರೆ ಮಂಡಿಯ ಹಿಂಭಾಗವನ್ನು ಯಾರೋ ಹಗ್ಗ ಕಟ್ಟಿ ಎಳೆದಂತಾಗುತ್ತದೆ ಎನ್ನುತ್ತಾರೆ. ಅವರ ನೋವನ್ನು ನೋಡಲಾರದೆ ಆ ದಿಂಬುಗಳನ್ನು ಇಟ್ಟುಕೊಟ್ಟವಳೂ ನಾನೇ.

ನಿನ್ನೆ ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಅಳತೆ ಮಾಡಿದರು. ಮಂಡಿ 85 ಡಿಗ್ರಿಯವರೆಗೆ ಮಡಚುತ್ತಿದೆ, ಈ ಹಂತಕ್ಕೆ ಅದು ಸಮಾಧಾನಕರ; ಆದರೆ ನೇರವಾಗುವುದರಲ್ಲಿ ಇನ್ನೂ 12 ಡಿಗ್ರಿ ಕೊರತೆಯಿದೆ, ಅದರ ಕಡೆ ಗಮನ ಕೊಡಿ ಎಂದು ಹೇಳಿ ಹೋದರು. ನಾವೆಲ್ಲರೂ ಮಡಚುವುದೊಂದೇ ಮುಖ್ಯವೆಂದು ತಿಳಿದಿದ್ದೆವು. ಬಿಡುಗಡೆಯ ದಿನ ಕೊಟ್ಟ ಹಾಳೆಯಲ್ಲಿ ವ್ಯಾಯಾಮಗಳ ಚಿತ್ರಗಳಿದ್ದವೇ ಹೊರತು ಯಾವುದು ಏಕೆ ಎಂಬ ವಿವರಣೆ ಇರಲಿಲ್ಲ. ಹನ್ನೆರಡು ಡಿಗ್ರಿ ಎಂದರೆ ಅಷ್ಟು ದೊಡ್ಡ ವಿಷಯವೇ? ಇಷ್ಟು ನೋವಿರುವಾಗ ವ್ಯಾಯಾಮ ಮಾಡಿಸಿದರೆ ಹೊಸ ಕೀಲಿಗೆ ತೊಂದರೆಯಾಗುವುದಿಲ್ಲವೇ? ಈ ಹಾದಿಯನ್ನು ದಾಟಿ ಬಂದವರು ದಯವಿಟ್ಟು ತಿಳಿಸಬೇಕು.

ಎರಡೂ ಮಂಡಿ ಬದಲಾಯಿಸಿಕೊಂಡ ನಿವೃತ್ತ ಶಿಕ್ಷಕ

ಅಮ್ಮಾ, ಮೊದಲು ಆ ಎರಡು ದಿಂಬುಗಳನ್ನು ಮಂಡಿಯ ಕೆಳಗಿನಿಂದ ತೆಗೆಯಿರಿ. ನಾನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ, ಅದೇ ತಪ್ಪನ್ನು ನಾನು ನನ್ನ ಎಡ ಮಂಡಿಯಲ್ಲಿ ಮಾಡಿದ್ದೇನೆ.

ಮಂಡಿಯೊಳಗೆ ನೀರು ತುಂಬಿ ಊದಿಕೊಂಡಾಗ ಸ್ವಲ್ಪ ಮಡಚಿದ ಭಂಗಿಯಲ್ಲಿಯೇ ಅದರೊಳಗಿನ ಒತ್ತಡ ಅತ್ಯಂತ ಕಡಿಮೆಯಿರುತ್ತದೆ. ಆದ್ದರಿಂದ ದೇಹ ತಾನಾಗಿಯೇ ಆ ಭಂಗಿಯನ್ನು ಹುಡುಕುತ್ತದೆ, ದಿಂಬು ಅದಕ್ಕೆ ಒತ್ತಾಸೆ ಕೊಡುತ್ತದೆ. ದಿನಕ್ಕೆ ಹದಿನೈದು ಗಂಟೆ ಹಾಗೆ ಮಲಗಿದ ಕಾಲು ಅರ್ಧ ಗಂಟೆಯ ವ್ಯಾಯಾಮದಿಂದ ನೇರವಾಗುವುದಿಲ್ಲ. ನನ್ನ ಎಡ ಮಂಡಿಯಲ್ಲಿ ಆರು ವಾರಗಳ ನಂತರವೂ ಎಂಟು ಡಿಗ್ರಿ ಕೊರತೆ ಉಳಿಯಿತು. ಅದನ್ನು ಕಳೆದುಕೊಳ್ಳಲು ಸುಮಾರು ಒಂದು ವರ್ಷ ಹೋರಾಡಿದೆ. ಆ ವರ್ಷವಿಡೀ ಕುಂಟುತ್ತ ನಡೆದೆ. ಸೊಂಟನೋವು ಬಂದದ್ದೂ ಆಗಲೇ.

ಎರಡು ವರ್ಷಗಳ ನಂತರ ಬಲ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ಮೊದಲ ದಿನದಿಂದಲೇ ಬೇರೆ ರೀತಿ ನಡೆದುಕೊಂಡೆ. ದಪ್ಪ ಟವೆಲೊಂದನ್ನು ಬಿಗಿಯಾಗಿ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯ ಕೆಳಗೆ ಏನೂ ಇಲ್ಲದಂತೆ ಬಿಟ್ಟು, ಕಾಲಿನ ಭಾರವೇ ಮಂಡಿಯನ್ನು ನಿಧಾನವಾಗಿ ಕೆಳಕ್ಕೆ ಇಳಿಸಲು ಅವಕಾಶ ಕೊಟ್ಟೆ. ಮೊದಲ ದಿನ ಎರಡು ನಿಮಿಷವೂ ತಡೆಯಲಾಗಲಿಲ್ಲ. ಮೂರನೆಯ ದಿನ ಐದು ನಿಮಿಷ, ವಾರ ಕಳೆಯುವಷ್ಟರಲ್ಲಿ ಹತ್ತು ನಿಮಿಷ, ದಿನಕ್ಕೆ ಐದಾರು ಬಾರಿ. ನನ್ನ ಹೆಂಡತಿ ಪಕ್ಕದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದಳು. ಒಂದು ಸುದ್ದಿ ಮುಗಿಯುವವರೆಗೆ ಕಾಲು ತೆಗೆಯಬಾರದೆಂಬುದು ನಮ್ಮಿಬ್ಬರ ಒಪ್ಪಂದವಾಗಿತ್ತು. ಐದನೆಯ ವಾರಕ್ಕೆ ಆ ಕಾಲು ಪೂರ್ತಿ ನೇರವಾಯಿತು.

ಊತ ಇಳಿಯಲು ಕಾಲನ್ನು ಎತ್ತರದಲ್ಲಿ ಇಡಬೇಕಾದುದು ನಿಜ. ಆದರೆ ಆಗಲೂ ದಿಂಬುಗಳು ಮೀನಖಂಡದ ಕೆಳಭಾಗ ಮತ್ತು ಹಿಮ್ಮಡಿಯ ಕೆಳಗೆ ಇರಲಿ, ಪಾದ ಎದೆಯ ಮಟ್ಟಕ್ಕಿಂತ ಮೇಲಿರಲಿ, ಮಂಡಿ ನೇರವಾಗಿರಲಿ.

ಫಿಸಿಯೋಥೆರಪಿಸ್ಟ್

ಮೇಲಿನ ಹಿರಿಯರು ಸರಿಯಾಗಿ ಹೇಳಿದ್ದಾರೆ. ಹನ್ನೆರಡು ಡಿಗ್ರಿ ದೊಡ್ಡ ವಿಷಯವೇ ಎಂಬ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ.

ಮಂಡಿ ಪೂರ್ತಿ ನೇರವಾಗಿದ್ದಾಗ ನಿಂತ ಮನುಷ್ಯನ ಭಾರ ಮೂಳೆಯ ಮೇಲೆ ಮೂಳೆಯಾಗಿ ನೆಲಕ್ಕೆ ಇಳಿಯುತ್ತದೆ, ತೊಡೆಯ ಮುಂಭಾಗದ ಸ್ನಾಯುವಿಗೆ ಬಹಳ ಕಡಿಮೆ ಕೆಲಸ. ಮಂಡಿ ಸ್ವಲ್ಪ ಬಾಗಿಯೇ ಉಳಿದರೆ, ಆ ಸ್ನಾಯು ನಿಂತಷ್ಟು ಹೊತ್ತೂ ಬಿಗಿದುಕೊಂಡೇ ಇರಬೇಕಾಗುತ್ತದೆ. ಬಾಗಿದ ಕಾಲು ಇನ್ನೊಂದಕ್ಕಿಂತ ಗಿಡ್ಡವಾದಂತೆ ವರ್ತಿಸುವುದರಿಂದ ನಡಿಗೆ ವಾಲುತ್ತದೆ, ಸೊಂಟಕ್ಕೂ ಇನ್ನೊಂದು ಮಂಡಿಗೂ ಹೊರೆ ಬೀಳುತ್ತದೆ. ಮಡಚುವಿಕೆಯ ಲೆಕ್ಕ ಬೇರೆ. ಸಮತಟ್ಟಾದ ನೆಲದ ಮೇಲೆ ನಡೆಯಲು ಸುಮಾರು 65ರಿಂದ 70 ಡಿಗ್ರಿ, ಮೆಟ್ಟಿಲು ಹತ್ತಲು 80ಕ್ಕೆ ಸ್ವಲ್ಪ ಮೇಲೆ, ಸಾಮಾನ್ಯ ಕುರ್ಚಿಯಿಂದ ಏಳಲು 90ಕ್ಕೆ ಸ್ವಲ್ಪ ಮೇಲೆ, ಕುಳಿತು ಬೂಟಿನ ದಾರ ಕಟ್ಟಲು ಸುಮಾರು 105 ಡಿಗ್ರಿ ಸಾಕಾಗುತ್ತದೆ. ಹನ್ನೆರಡನೆಯ ದಿನಕ್ಕೆ 85 ಡಿಗ್ರಿ ಮಡಚುವ ಮಂಡಿ ಇನ್ನೂ ತಿಂಗಳುಗಟ್ಟಲೆ ಸುಧಾರಿಸುತ್ತ ಹೋಗುತ್ತದೆ. ನೇರವಾಗುವಿಕೆಯನ್ನು ಮಾತ್ರ ಮೊದಲ ಆರು ವಾರಗಳಲ್ಲಿ ಗಳಿಸಿಕೊಳ್ಳುವುದು ಸುಲಭ. ಗಾಯದ ಒಳಗಿನ ಅಂಗಾಂಶ ಬಲಿತು ಗಟ್ಟಿಯಾದ ಮೇಲೆ ಪ್ರತಿಯೊಂದು ಡಿಗ್ರಿಗೂ ಬಹಳ ಶ್ರಮ ಪಡಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ತನ್ನ ಶಕ್ತಿಯ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಸ್ನಾಯು ಸವೆದುಹೋಗುವುದು ಅದರ ಒಂದು ಭಾಗ ಮಾತ್ರ. ಕೀಲಿನೊಳಗೆ ಊತವಿರುವವರೆಗೆ ನರಮಂಡಲವೇ ಆ ಸ್ನಾಯುವಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ನಿಮ್ಮ ತಾಯಿ “ಕಾಲು ನನ್ನ ಮಾತು ಕೇಳುತ್ತಿಲ್ಲ” ಎಂದರೆ ಅದು ಮನಸ್ಸಿನ ಅಳುಕಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಐಸ್ ಇಡುವುದು, ಕಾಲು ಎತ್ತರಿಸುವುದು, ಹೆಚ್ಚು ಹೊತ್ತು ಕಾಲು ಇಳಿಬಿಟ್ಟು ಕೂರದಿರುವುದು ಇವೆಲ್ಲ ನೋವಿಗಾಗಿ ಮಾತ್ರವಲ್ಲ, ಸ್ನಾಯುವನ್ನು ಎಚ್ಚರಿಸಲು ಕೂಡ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟರೆ ಸಾಕು. ಚರ್ಮಕ್ಕೆ ನೇರವಾಗಿ ತಾಗಿಸಬೇಡಿ.

ಈಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಹಿಮ್ಮಡಿಯ ಕೆಳಗೆ ಟವೆಲ್ ಇಟ್ಟು, ಮಂಡಿಯನ್ನು ಹಾಸಿಗೆಯತ್ತ ಒತ್ತಿ ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಬಿಡಬೇಕು, ಹತ್ತು ಬಾರಿ. ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮಂಡಿ ಮಡಚಬೇಕು, ಮತ್ತೆ ಪೂರ್ತಿ ಚಾಚಬೇಕು. ಇವನ್ನು ಒಮ್ಮೆಗೆ ಒಂದು ಗಂಟೆ ಮಾಡಿಸುವುದಕ್ಕಿಂತ ಎಚ್ಚರವಿರುವ ಹೊತ್ತಿನಲ್ಲಿ ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಮಾಡಿಸುವುದು ಎಷ್ಟೋ ಮೇಲು. ಪ್ರಗತಿಯನ್ನು ನೀವೇ ಅಳೆಯಬಹುದು: ಅಮ್ಮ ಅಂಗಾತ ಮಲಗಿ ತೊಡೆ ಬಿಗಿದಾಗ ಮಂಡಿಯ ಕೆಳಗೆ ನಿಮ್ಮ ಅಂಗೈ ಎಷ್ಟು ಸಲೀಸಾಗಿ ತೂರುತ್ತದೆ ನೋಡಿ. ಮುಷ್ಟಿ ತೂರುವ ಜಾಗದಲ್ಲಿ ಚಾಚಿದ ಕೈ ಮಾತ್ರ ತೂರಿದರೆ ನೀವು ಮುಂದೆ ಸಾಗುತ್ತಿದ್ದೀರಿ.

ಮನೆಯವರು ಯಾರೂ ಮಂಡಿಯ ಮೇಲೆ ಕೈಯಿಟ್ಟು ಬಲವಂತವಾಗಿ ಒತ್ತಬಾರದು, ಜಗ್ಗಿ ಮಡಚಲೂಬಾರದು. ಭಾರ ಕಾಲಿನದ್ದೇ ಆಗಿರಲಿ, ಪ್ರಯತ್ನ ಅವರದ್ದೇ ಆಗಿರಲಿ.

ತಾಯಿಯ ಆರೈಕೆಯಲ್ಲಿರುವ ಮಗಳು

ಇಬ್ಬರಿಗೂ ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ದಿಂಬುಗಳನ್ನು ಇಂದು ಬೆಳಿಗ್ಗೆಯೇ ತೆಗೆದೆ. ಮೂರು ನಿಮಿಷ ತಡೆದುಕೊಂಡರು, ಕಣ್ಣಲ್ಲಿ ನೀರು ಬಂತು.

ಇನ್ನೊಂದು ತೊಡಕಿದೆ. ನೋವಿನ ಮಾತ್ರೆಗಳಿಂದ ಮೂತ್ರಪಿಂಡ ಹಾಳಾಗುತ್ತದೆಂದು ಅಮ್ಮ ಬಲವಾಗಿ ನಂಬಿದ್ದಾರೆ. ನೋವು ತಡೆಯಲಾಗದಷ್ಟು ಏರಿದ ಮೇಲೆಯೇ ಮಾತ್ರೆ ನುಂಗುತ್ತಾರೆ, ಆಮೇಲೆ ಅದು ಹಿಡಿಯುವುದಕ್ಕೆ ಗಂಟೆಗಟ್ಟಲೆ ಕಾಯುತ್ತಾರೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಿನವರೆಗೂ ನಿದ್ದೆಯಿಲ್ಲ. ಮೊನ್ನೆ, “ಸುಮ್ಮನೆ ಹಳೆಯ ಮಂಡಿಯಲ್ಲಿಯೇ ಇದ್ದುಬಿಡಬೇಕಿತ್ತು” ಎಂದು ಅತ್ತರು. ಎಂದೂ ಹಾಗೆ ಮಾತನಾಡಿದವರಲ್ಲ.

ಮೂಳೆ ವಿಭಾಗದಲ್ಲಿ ಕೆಲಸ ಮಾಡಿದ ಶುಶ್ರೂಷಕಿ

ಎರಡನೆಯ ಮತ್ತು ಮೂರನೆಯ ವಾರದಲ್ಲಿ ಈ ಮಾತನ್ನು ನಾನು ಅನೇಕ ರೋಗಿಗಳ ಬಾಯಿಂದ ಕೇಳಿದ್ದೇನೆ. ಆಸ್ಪತ್ರೆಯಲ್ಲಿದ್ದಾಗ ಅರಿವಳಿಕೆಯ ಉಳಿಕೆ, ನರಕ್ಕೆ ಕೊಟ್ಟ ಚುಚ್ಚುಮದ್ದು, ಸುತ್ತಲಿನ ಜನರ ಗಮನ ಎಲ್ಲವೂ ಸೇರಿ ನೋವನ್ನು ಮರೆಮಾಡಿರುತ್ತವೆ. ಮನೆಗೆ ಬಂದ ಮೇಲೆ ಅವೆಲ್ಲ ಹಿಂದೆ ಸರಿಯುತ್ತವೆ, ನಿದ್ದೆಗೆಟ್ಟ ದೇಹ ಮನಸ್ಸನ್ನೂ ಕುಗ್ಗಿಸುತ್ತದೆ. ಅವರು ಅತ್ತಾಗ “ಎಲ್ಲ ಸರಿಹೋಗುತ್ತದೆ” ಎಂದು ಬಾಯಿ ಮುಚ್ಚಿಸಬೇಡಿ, ಕೇಳಿಸಿಕೊಳ್ಳಿ. ಈ ಕುಗ್ಗುವಿಕೆ ವಾರಗಳು ಕಳೆದರೂ ಕಡಿಮೆಯಾಗದಿದ್ದರೆ ಮಾತ್ರ ವೈದ್ಯರಿಗೆ ಅದನ್ನೇ ಒಂದು ಪ್ರತ್ಯೇಕ ತೊಂದರೆಯೆಂದು ತಿಳಿಸಿ.

ಮಾತ್ರೆಗಳ ವಿಷಯದಲ್ಲಿ ಅವರ ಭಯಕ್ಕೆ ಆಧಾರವಿಲ್ಲದಿಲ್ಲ, ಆದರೆ ಅದನ್ನು ಎಲ್ಲ ಮಾತ್ರೆಗಳ ಮೇಲೂ ಹೊರಿಸಬಾರದು. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ಉರಿಯೂತ ತಗ್ಗಿಸುವ ಮಾತ್ರೆಗಳು ಮೂತ್ರಪಿಂಡಕ್ಕೂ ಹೊಟ್ಟೆಗೂ ತೊಂದರೆ ಕೊಡಬಲ್ಲವು. ವಯಸ್ಸಾದವರಲ್ಲಿ, ರಕ್ತದೊತ್ತಡ ಅಥವಾ ಮಧುಮೇಹ ಇರುವವರಲ್ಲಿ ವೈದ್ಯರು ಹೇಳಿದ್ದಕ್ಕಿಂತ ಒಂದು ಮಾತ್ರೆಯೂ ಹೆಚ್ಚಬಾರದು. ಪ್ಯಾರಾಸಿಟಮಾಲ್‌ನ ಸ್ವಭಾವ ಬೇರೆ. ಅದರ ಮಿತಿ ವಯಸ್ಕರಿಗೆ ದಿನಕ್ಕೆ 4 ಗ್ರಾಂ, ವಯಸ್ಸಾದವರಿಗೆ ಹಾಗೂ ತೂಕ ಕಡಿಮೆಯಿರುವವರಿಗೆ ಸಾಮಾನ್ಯವಾಗಿ ಅದಕ್ಕಿಂತಲೂ ಕಡಿಮೆ ಹೇಳುತ್ತಾರೆ. ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಬೇರೆ ಹೆಸರಿನ ಮಾತ್ರೆಯಲ್ಲಿಯೂ ಅದೇ ಪ್ಯಾರಾಸಿಟಮಾಲ್ ಬೆರೆತಿರಬಹುದಾದ್ದರಿಂದ ಪಟ್ಟಿಯ ಹಿಂಭಾಗವನ್ನು ಓದಿ ಒಟ್ಟು ಲೆಕ್ಕ ಬರೆದಿಡಿ. ಟ್ರಮಡಾಲ್‌ನಂತಹ ಬಲವಾದ ಮಾತ್ರೆ ಕೊಟ್ಟಿದ್ದರೆ ಮಲಬದ್ಧತೆ, ತಲೆಸುತ್ತು, ಮಂಪರು ಬರಬಹುದು. ರಾತ್ರಿ ಶೌಚಾಲಯಕ್ಕೆ ಅವರನ್ನು ಒಬ್ಬರೇ ಕಳುಹಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಕೊಡಿ. ನೋವು ಕೆರಳಿದ ಮೇಲೆ ತಣಿಸುವುದಕ್ಕೆ ಬೇಕಾಗುವಷ್ಟು ಔಷಧಿ, ಅದು ಕೆರಳದಂತೆ ನೋಡಿಕೊಳ್ಳುವುದಕ್ಕೆ ಬೇಕಾಗುವುದಿಲ್ಲ. ಈ ದಿನಗಳಲ್ಲಿ ಮಾತ್ರೆಯ ಕೆಲಸ ಅವರನ್ನು ಮಲಗಿಸುವುದಲ್ಲ, ಕಾಲು ಚಾಚಲು ಬಿಡುವುದು. ಇದನ್ನು ಅಮ್ಮನಿಗೆ ಹೀಗೆಯೇ ಹೇಳಿ ನೋಡಿ. ಎಷ್ಟೋ ಹಿರಿಯರು “ನೋವಿಗೆ ಮಾತ್ರೆ” ಎಂದರೆ ಬೇಡವೆನ್ನುತ್ತಾರೆ, “ವ್ಯಾಯಾಮಕ್ಕೆ ಮಾತ್ರೆ” ಎಂದರೆ ಒಪ್ಪುತ್ತಾರೆ.

ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಔಷಧಿಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ, ಕಾಲು ಚೆನ್ನಾಗಿದೆಯೆಂದು ನೀವಾಗಿಯೇ ನಿಲ್ಲಿಸಬೇಡಿ. ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಕಾಲನ್ನು ಎತ್ತರಿಸಿದರೂ ಇಳಿಯದ ಊತ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಇದ್ದಕ್ಕಿದ್ದಂತೆ ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆನೋವು ಬಂದರೆ ಯಾರ ಸಲಹೆಗೂ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಗಾಯದಿಂದ ದ್ರವ ಒಸರುವುದು, ಕೆಂಪು ದಿನದಿಂದ ದಿನಕ್ಕೆ ಹರಡುವುದು, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಇಳಿಯುತ್ತಿದ್ದ ನೋವು ಮತ್ತೆ ಏರುವುದು ಸೋಂಕಿನ ಸೂಚನೆಗಳಾಗಿರಬಹುದು. ಅಂತಹ ಸಂದರ್ಭದಲ್ಲಿ ಮನೆಯಲ್ಲಿರುವ ಯಾವುದೋ ಆ್ಯಂಟಿಬಯಾಟಿಕ್ ನುಂಗಿಸಬೇಡಿ. ಕೀಲಿನ ದ್ರವವನ್ನು ಪರೀಕ್ಷೆಗೆ ತೆಗೆಯುವ ಮೊದಲೇ ಔಷಧಿ ಒಳಹೋದರೆ ರೋಗಾಣು ಯಾವುದೆಂದು ಪತ್ತೆ ಹಚ್ಚುವುದು ಕಷ್ಟವಾಗುತ್ತದೆ.

ಸೊಂಟದ ಕೀಲು ಬದಲಾಯಿಸಿಕೊಂಡವರ ಪತಿ

ಈ ಚರ್ಚೆಯನ್ನು ಓದುವವರಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದವರೂ ಇರಬಹುದು. ದಯವಿಟ್ಟು ಎರಡರ ನಿಯಮಗಳನ್ನು ಬೆರೆಸಬೇಡಿ. ನನ್ನ ಪತ್ನಿಗೆ ಹಿಂಭಾಗದಿಂದ ಕೀಲನ್ನು ತೆರೆದು ಶಸ್ತ್ರಚಿಕಿತ್ಸೆ ಮಾಡಿದ್ದರು. ಸೊಂಟದಲ್ಲಿ 90 ಡಿಗ್ರಿಗಿಂತ ಹೆಚ್ಚು ಬಾಗಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು, ಮಗ್ಗುಲಾದರೆ ಕಾಲುಗಳ ನಡುವೆ ದಿಂಬು ಇರಬೇಕು ಎಂದು ಮೂರು ತಿಂಗಳ ಮಟ್ಟಿಗೆ ಹೇಳಿದ್ದರು. ಕೀಲು ಜಾರದಿರಲೆಂಬುದು ಕಾರಣ. ಮುಂಭಾಗದಿಂದ ಮಾಡಿದವರಿಗೆ ನಿಯಮಗಳು ಬೇರೆಯಿರುತ್ತವೆ. ಮಂಡಿಯವರಿಗೆ “ಮಡಚಿ, ಚಾಚಿ” ಎನ್ನುವ ಉತ್ಸಾಹದಲ್ಲಿ ಬಂಧುಗಳೊಬ್ಬರು ನನ್ನ ಪತ್ನಿಗೆ ಬಗ್ಗಿ ಕಾಲ್ಬೆರಳು ಮುಟ್ಟುವಂತೆ ಹೇಳಿಕೊಟ್ಟಿದ್ದರು; ಪುಣ್ಯಕ್ಕೆ ನಾನು ಅಲ್ಲಿಯೇ ಇದ್ದೆ.

ಎರಡಕ್ಕೂ ಸಮಾನವಾದದ್ದು ಮನೆಯ ಸಿದ್ಧತೆ. ನೆಲದ ಮೇಲಿನ ಜಮಖಾನೆ, ಅಡ್ಡ ಬಿದ್ದ ವೈರುಗಳನ್ನು ತೆಗೆಯಿರಿ, ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ದೀಪವಿರಲಿ, ಕಮೋಡಿನ ಆಸನವನ್ನು ಎತ್ತರಿಸಿ, ಕೈಯಾಸರೆಯಿರುವ ಎತ್ತರದ ಕುರ್ಚಿ ಕೊಡಿ. ಮೆಟ್ಟಿಲು ಹತ್ತುವಾಗ ಗಟ್ಟಿಯಿರುವ ಕಾಲು ಮೊದಲು, ಇಳಿಯುವಾಗ ಶಸ್ತ್ರಚಿಕಿತ್ಸೆಯಾದ ಕಾಲು ಮೊದಲು. ವಾಕರ್ ಬಿಟ್ಟು ಕೋಲಿಗೆ ಬಂದಾಗ ಅದು ಶಸ್ತ್ರಚಿಕಿತ್ಸೆಯಾದ ಕಾಲಿನ ಎದುರು ಬದಿಯ ಕೈಯಲ್ಲಿರಬೇಕು.

ತಂದೆಯ ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ ಮಗ

ಇಲ್ಲಿ ಎಲ್ಲರೂ ವ್ಯಾಯಾಮಕ್ಕೆ ಒತ್ತು ಕೊಡುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಲೇಬೇಕೆನಿಸಿತು. ನನ್ನ ತಂದೆ ಛಲದ ಮನುಷ್ಯ. ಮೂರನೆಯ ವಾರದಲ್ಲಿಯೇ ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ನಡೆಯತೊಡಗಿದರು. ನೋವಿಲ್ಲದೆ ಫಲವಿಲ್ಲವೆಂದು ಮನೆಗೆ ಬಂದವರೆಲ್ಲ ಅವರನ್ನು ಹುರಿದುಂಬಿಸಿದರು. ಮಂಡಿ ಊದಿ ಬಿಸಿಯಾಗಿ, 95 ಡಿಗ್ರಿಯಿದ್ದ ಮಡಚುವಿಕೆ 80ಕ್ಕೆ ಇಳಿಯಿತು. ಗಾಬರಿಯಿಂದ ಇನ್ನಷ್ಟು ವ್ಯಾಯಾಮ ಮಾಡಿಸಿದೆವು, ಇನ್ನಷ್ಟು ಊದಿತು. ಕೊನೆಗೆ ನಾಲ್ಕು ದಿನ ನಡಿಗೆ ಕಡಿಮೆ ಮಾಡಿಸಿ, ಐಸ್ ಇಟ್ಟು, ಹಗುರ ವ್ಯಾಯಾಮಗಳಿಗಷ್ಟೇ ಸೀಮಿತಗೊಳಿಸಿದ ಮೇಲೆ ತಿಳಿಯಾಯಿತು.

ಫಿಸಿಯೋಥೆರಪಿಸ್ಟ್

ನಿಮ್ಮ ಮಾತು ಬಹಳ ಸರಿಯಾಗಿದೆ. ನಾನು ಅದನ್ನು ಮೊದಲೇ ಬರೆಯಬೇಕಿತ್ತು. ವ್ಯಾಯಾಮದ ನಂತರ ಏರಿದ ನೋವು ಒಂದೆರಡು ಗಂಟೆಗಳೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಿದೆ. ಮರುದಿನ ಬೆಳಿಗ್ಗೆ ಮಂಡಿ ಹಿಂದಿನ ಬೆಳಿಗ್ಗೆಗಿಂತ ಹೆಚ್ಚು ಊದಿದ್ದರೆ ಹಿಂದಿನ ದಿನ ಅತಿಯಾಗಿದೆ. ಮೊದಲ ವಾರಗಳಲ್ಲಿ ನಡಿಗೆ ವ್ಯಾಯಾಮಕ್ಕೆ ಬದಲಿಯೂ ಅಲ್ಲ. ಬಾಗಿದ ಮಂಡಿಯಲ್ಲಿ ಸಾವಿರ ಹೆಜ್ಜೆ ಹಾಕಿದರೆ ಬಾಗಿದ ನಡಿಗೆಯೇ ರೂಢಿಯಾಗುತ್ತದೆ. ಹಿಮ್ಮಡಿ ಮೊದಲು ಊರಿ, ಮಂಡಿ ಚಾಚಿ, ನಿಧಾನವಾಗಿ ಇಡುವ ಐವತ್ತು ಹೆಜ್ಜೆಗಳಿಗೆ ಹೆಚ್ಚು ಬೆಲೆಯಿದೆ.

ಎಲ್ಲವನ್ನೂ ಸರಿಯಾಗಿ ಮಾಡಿದವರಲ್ಲಿಯೂ ಕೆಲವರ ಮಂಡಿ ಬಿಗಿಯಾಗಿಯೇ ಉಳಿಯುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಆರರಿಂದ ಹನ್ನೆರಡು ವಾರಗಳ ನಡುವೆ 90 ಡಿಗ್ರಿ ಕೂಡ ದಾಟದಿದ್ದರೆ ಅರಿವಳಿಕೆ ಕೊಟ್ಟು ಮಂಡಿಯನ್ನು ಮಡಚಿಸುವ ವಿಧಾನವಿದೆ, ಅದನ್ನು ಬಹಳ ತಡ ಮಾಡಬಾರದು. ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ದೀರ್ಘಕಾಲ ನೋವು ಉಳಿಯುವುದೂ ಉಂಟು. ಅಂತಹವರಿಗೆ “ನೀವು ಸರಿಯಾಗಿ ವ್ಯಾಯಾಮ ಮಾಡಲಿಲ್ಲ” ಎಂದು ಹೇಳುವುದು ಅನ್ಯಾಯ.

ತಾಯಿಯ ಆರೈಕೆಯಲ್ಲಿರುವ ಮಗಳು

ಏಳನೆಯ ವಾರ ನಡೆಯುತ್ತಿದೆ, ಆದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ನಿನ್ನೆಯ ಅಳತೆಯಲ್ಲಿ ಮಡಚುವಿಕೆ 110 ಡಿಗ್ರಿ, ನೇರವಾಗುವಿಕೆಯಲ್ಲಿ 3 ಡಿಗ್ರಿ ಮಾತ್ರ ಬಾಕಿ. “ವ್ಯಾಯಾಮಕ್ಕೆ ಮಾತ್ರೆ” ಎಂಬ ಮಾತು ನಿಜಕ್ಕೂ ಕೆಲಸ ಮಾಡಿತು. ನಾಲ್ಕನೆಯ ವಾರದಿಂದ ಪ್ಯಾರಾಸಿಟಮಾಲ್ ಮಾತ್ರ ಉಳಿಯಿತು, ಈಗ ಅದೂ ದಿನಕ್ಕೊಂದು. ರಾತ್ರಿ ಸತತವಾಗಿ ನಾಲ್ಕೈದು ಗಂಟೆ ನಿದ್ದೆ ಬರುತ್ತಿದೆ. ಮನೆಯೊಳಗೆ ಕೋಲಿಲ್ಲದೆ ಓಡಾಡುತ್ತಾರೆ, ಹೊರಗೆ ಕೋಲು ಬೇಕು.

ಮೂರು ಚಿಕ್ಕ ಅನುಮಾನಗಳಿವೆ. ಮಂಡಿ ಈಗಲೂ ಮುಟ್ಟಿದರೆ ಬೆಚ್ಚಗಿದೆ. ಗಾಯದ ಹೊರಬದಿಯಲ್ಲಿ ಅಂಗೈ ಅಗಲದಷ್ಟು ಜಾಗ ಮರಗಟ್ಟಿದಂತಿದೆ. ನಡೆಯುವಾಗ ಒಮ್ಮೊಮ್ಮೆ ಟಕ್ ಎಂಬ ಶಬ್ದ ಬರುತ್ತದೆ. ಹೆಚ್ಚು ಬಳಸಿದರೆ ಕೀಲು ಬೇಗ ಸವೆಯುತ್ತದೆಯೇ ಎಂಬ ಚಿಂತೆ ಅಮ್ಮನಿಗೆ. ಜೊತೆಗೆ ಎಡ ಮಂಡಿಗೂ ಮಾಡಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ.

ಎರಡೂ ಮಂಡಿ ಬದಲಾಯಿಸಿಕೊಂಡ ನಿವೃತ್ತ ಶಿಕ್ಷಕ

ಓದಿ ಕಣ್ತುಂಬಿ ಬಂತು. ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಿಸಿ ಮತ್ತು ಸಂಜೆಯ ವೇಳೆಯ ಸ್ವಲ್ಪ ಊತ ಆರು ತಿಂಗಳವರೆಗೂ ಇರಬಹುದು. ಹಿಂದಿನ ವಾರಕ್ಕಿಂತ ಹೆಚ್ಚುತ್ತಿದ್ದರೆ ಅಥವಾ ಜ್ವರ ಜೊತೆಗೂಡಿದರೆ ಮಾತ್ರ ತೋರಿಸಬೇಕು. ಗಾಯದ ಗೀರು ಆ ಭಾಗದ ಚರ್ಮಕ್ಕೆ ಹೋಗುವ ಸಣ್ಣ ನರದ ಕವಲನ್ನು ಕತ್ತರಿಸಿಯೇ ಹೋಗುವುದರಿಂದ ಹೊರಬದಿ ಮರಗಟ್ಟುತ್ತದೆ. ನನ್ನ ಮಂಡಿಗಳಲ್ಲಿ ಆ ಜಾಗ ಕಿರಿದಾಗುತ್ತ ಬಂದು ಈಗ ಎರಡು ಬೆರಳಿನಷ್ಟು ಉಳಿದಿದೆ. ಶಬ್ದ ಲೋಹ ಮತ್ತು ಪ್ಲಾಸ್ಟಿಕ್ ಒಂದಕ್ಕೊಂದು ತಾಗುವುದರದ್ದು, ನೋವಿಲ್ಲದಿದ್ದರೆ ಅದಕ್ಕೆ ಹೆದರಬೇಕಿಲ್ಲ. ಸವೆತದ ಚಿಂತೆಗೆ ಹೇಳುವುದಾದರೆ, 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಪೂರ್ಣವಾಗಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ದಿನನಿತ್ಯದ ನಡಿಗೆ, ಮೆಟ್ಟಿಲು, ಮನೆಗೆಲಸಕ್ಕಾಗಿಯೇ ಆ ಕೀಲನ್ನು ಮಾಡಿದ್ದಾರೆ. ಓಟ, ಜಿಗಿತಗಳನ್ನು ಬಿಟ್ಟರಾಯಿತು.

ಎಡ ಮಂಡಿಯ ದಿನವನ್ನು ವೈದ್ಯರು ಗೊತ್ತುಮಾಡಲಿ. ಆದರೆ ಆ ಕಾಲಿನ ತೊಡೆಯನ್ನು ಬಿಗಿಹಿಡಿದು ಐದು ಎಣಿಸುವ ವ್ಯಾಯಾಮವನ್ನು ಬಲಗಾಲಿನ ಜೊತೆಗೇ ನಾಳೆ ಬೆಳಿಗ್ಗೆಯಿಂದ ಆರಂಭಿಸಲಿ. ಬಾಕಿಯಿರುವ ಮೂರು ಡಿಗ್ರಿಗಾಗಿ ಟವೆಲನ್ನು ಹಿಮ್ಮಡಿಯ ಕೆಳಗಿನಿಂದ ಇನ್ನೂ ತೆಗೆಯಬೇಡಿ.